ಭಿಶಿ ದುಡ್ಡಿನ ವಿಮಾನ

ಕೊಳ್ಳುವ ವಿದ್ಯೆಯನ್ನು ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲವೆಂದು ನಾನು ಬಹಳ ದಿನ ನಂಬಿದ್ದೆ. ಬದನೆಕಾಯಿಯನ್ನು ಹಿಚುಕಿ, ಗಡಿಗೆಯನ್ನು ಬೆರಳಿನಿಂದ ಬಡಿದು, ಸೀರೆಯ ಸೆರಗನ್ನು ಬಿಸಿಲಿಗೆ ಹಿಡಿದು, ಜೋಳದ ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡಿ ಇಷ್ಟು ವರ್ಷ ಸಂಸಾರ ಮಾಡಿದವಳು ನಾನು. ಅಂಗಡಿಯವನು ನನಗೆ ಮೋಸ ಮಾಡಿದ್ದು ಕಡಿಮೆ. ಆದರೆ 2023ರ ದೀಪಾವಳಿಯ ಮುಂದೆ ಮಿರಜಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ನಿಂತಾಗ ನನ್ನ ಎಲ್ಲ ವಿದ್ಯೆ ಕೈಕೊಟ್ಟಿತು. ಎದುರಿಗೆ ಒಂದು ಕರಿ ಡಬ್ಬಿ. ಹಿಚುಕಲು ಬರುವುದಿಲ್ಲ, ಕಚ್ಚಲು ಬರುವುದಿಲ್ಲ. ರೂಢಿ ಬಿಡಬೇಕಲ್ಲ, ಬೆರಳಿನಿಂದ ಎರಡು ಸಲ ಬಡಿದು ನೋಡಿದೆ. ಅಂಗಡಿಯ ಹುಡುಗ ಮುಖ ಆ ಕಡೆ ತಿರುಗಿಸಿ ನಕ್ಕ.

ನಮ್ಮ ಶಿರಗುಪ್ಪಿಗೆ ಜಿಲ್ಲೆಯ ಊರು ಬೆಳಗಾವಿಯಾದರೂ ಪೇಟೆಯ ಊರು ಮಿರಜ್. ರಾಜ್ಯದ ಗಡಿ ನಡುವೆ ಇದ್ದರೂ ಮದುವೆಯ ಜವಳಿಗೆ, ದವಾಖಾನೆಗೆ, ತಂಬೂರಿಯ ತಂತಿಗೆ ನಾವು ಹೋಗುವುದು ಅಲ್ಲಿಗೇ. ಹುಡುಗ ಮರಾಠಿಯಲ್ಲಿ ಕೇಳಿದ: “ಕೋಣಾಸಾಠೀ ಪಾಹಿಜೆ, ಬಾಯಿ? ನಾತವಾಸಾಠೀ?” ಮೊಮ್ಮಗನಿಗೋ ಎಂದು. ಅಲ್ಲ, ನಮ್ಮ ಮನೆಯವರಿಗೆ ಎಂದೆ. ಲೆಕ್ಕಪತ್ರಕ್ಕೋ? ಅಲ್ಲ, ವಿಮಾನ ಹಾರಿಸುವುದಕ್ಕೆ ಎಂದೆ. ಅವನು ಒಂದು ಗಳಿಗೆ ನನ್ನ ಹೆಗಲಿನ ಚೀಲವನ್ನೂ ಕೈಯ ಕೊಡೆಯನ್ನೂ ನೋಡಿ, ಒಳಗಿನಿಂದ ಒಂದು ಲ್ಯಾಪ್‌ಟಾಪ್ ತಂದು ತೆರೆದ. ಅದರ ಒಂದೊಂದು ಕೀಲಿಯ ಕೆಳಗೂ ಗಣಪತಿ ಮಂಟಪದ ಹಾಗೆ ಬಣ್ಣದ ದೀಪ ಹರಿದಾಡುತ್ತಿದ್ದವು. ಬೆಲೆ ತೊಂಬತ್ತೆರಡು ಸಾವಿರ. ನನ್ನ ಚೀಲದಲ್ಲಿದ್ದದ್ದು ಆ ತಿಂಗಳು ನನ್ನ ಪಾಳಿಗೆ ಬಂದಿದ್ದ ಭಿಶಿ ದುಡ್ಡು, ನಲವತ್ತು ಸಾವಿರ. ಕೊಡೆ ಬಿಚ್ಚಿಕೊಂಡು ಹೊರಗೆ ಬಂದೆ.

ಅರವತ್ತರ ಹತ್ತಿರ ಬಂದ ರೈತನಿಗೆ ವಿಮಾನದ ಆಟ ಯಾಕೆಂದು ನೀವು ಕೇಳಬಹುದು. ನಮ್ಮ ಓಣಿಯವರೆಲ್ಲ ಕೇಳಿದ್ದಾರೆ.

ಹಿಂದಿನ ವರ್ಷದ ಮಳೆಗಾಲದಲ್ಲಿ ನಮ್ಮವರು ಟ್ರ್ಯಾಕ್ಟರಿನಿಂದ ಇಳಿಯುವಾಗ ಕೆಸರಿನಲ್ಲಿ ಕಾಲು ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದರು. ಮಿರಜಿನಲ್ಲಿ ರಾಡ್ ಹಾಕಿದರು. ಎಲುಬು ಕೂಡಿತು, ಆದರೆ ಮನುಷ್ಯ ಕೂಡಲಿಲ್ಲ. ಮುಂಜಾನೆ ಐದಕ್ಕೆ ಕಬ್ಬಿಗೆ ನೀರು ಬಿಡಲು ಹೋಗುತ್ತಿದ್ದವರು ಅಂಗಳದ ಹೊರಸಿನ ಮೇಲೆ ಅಂಗಾತ ಬಿದ್ದುಕೊಂಡರು. ಮಾತು ಎರಡು ಶಬ್ದಕ್ಕೆ ಇಳಿಯಿತು: ‘ಹೂಂ’ ಮತ್ತು ‘ಬ್ಯಾಡ’. ಹೊಲವನ್ನು ಪಾಲಿಗೆ ಕೊಟ್ಟೆವು. ನಾನು ಶಾಲೆಗೆ ಹೋಗುವಾಗ ಹೇಗೆ ಮಲಗಿರುತ್ತಿದ್ದರೋ ಸಂಜೆ ಬಂದಾಗಲೂ ಹಾಗೆಯೇ. ಒಂದೇ ವ್ಯತ್ಯಾಸವೆಂದರೆ ಮುಗಿಲಿನಲ್ಲಿ ವಿಮಾನ ಹೋದಾಗ ಅವರ ಕುತ್ತಿಗೆ ತಿರುಗುತ್ತಿತ್ತು. ಬಹಳ ಎತ್ತರದಲ್ಲಿ ಬಿಳಿ ಗೆರೆ ಎಳೆದುಕೊಂಡು ಹೋಗುವ ವಿಮಾನಗಳು. ಯಾವುದು ಎಷ್ಟು ಗಂಟೆಗೆ ಬರುತ್ತದೆಂದು ಅವರಿಗೆ ಬಾಯಿಪಾಠವಾಗಿತ್ತು. ಒಂದು ದಿನ, “ಹತ್ತರದ್ದು ಇವತ್ತ ಬರಲಿಲ್ಲ” ಎಂದರು. ಆ ವಾರದಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದು.

ಈ ಹುಚ್ಚಿನ ಬೇರು ನನಗೆ ಗೊತ್ತಿತ್ತು. ಗೊತ್ತಿದೆಯೆಂಬುದು ಅವರಿಗೆ ಗೊತ್ತಿರಲಿಲ್ಲ. ಮದುವೆಯಾದ ಮೊದಲ ವರ್ಷ ಪಂಚಮಿಗೆ ನನಗೆ ಇಳಕಲ್ ಸೀರೆ ತಂದು, “ನಿನಗ ಹಸಿರ ಸೇರತದಂತ ಹಸಿರಾ ತಂದೀನಿ” ಎಂದಿದ್ದರು. ಸೀರೆ ಕಂದು ಬಣ್ಣದ್ದು. ಚೇಷ್ಟೆಯೆಂದು ತಿಳಿದು ಉಟ್ಟುಕೊಂಡೆ. ಹಿತ್ತಲಿನಲ್ಲಿ ಹಣ್ಣಾದ ಮೆಣಸಿನಕಾಯಿ ಹರಿದುಕೊಂಡು ಬನ್ನಿರೆಂದರೆ ಹಸಿಯದನ್ನೂ ಹಣ್ಣನ್ನೂ ಕೂಡಿಸಿ ತರುತ್ತಿದ್ದರು. ಸಂಸಾರದ ಮೇಲೆ ಲಕ್ಷ್ಯವಿಲ್ಲವೆಂದು ಸಿಟ್ಟಾಗುತ್ತಿದ್ದೆ. ಎಷ್ಟೋ ವರ್ಷದ ಮೇಲೆ ಭಾವನವರು ಮಾತಿನ ಭರದಲ್ಲಿ ಹೇಳಿಬಿಟ್ಟರು. 1984ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಇವರು ಬೆಳಗಾವಿಗೆ ವಾಯುಸೇನೆಯ ಭರ್ತಿಗೆ ಹೋಗಿದ್ದರಂತೆ. ಓಟದಲ್ಲಿ ಪಾಸು, ಲೆಕ್ಕದಲ್ಲಿ ಪಾಸು. ಕಡೆಗೆ ಬಣ್ಣದ ಚುಕ್ಕೆಗಳ ಪುಸ್ತಕ ಹಿಡಿದು ಅಂಕಿ ಓದು ಎಂದರಂತೆ. ಜಪಾನಿನ ಇಶಿಹಾರಾ ಎಂಬ ಕಣ್ಣಿನ ವೈದ್ಯ 1917ರಲ್ಲಿ ಹೊರತಂದ ಪರೀಕ್ಷೆ ಅದು. ಕೆಂಪು ಹಸಿರಿನ ಭೇದ ಕಾಣದವರಿಗೆ ಅದರಲ್ಲಿ ಅಂಕಿಯೇ ಕಾಣುವುದಿಲ್ಲ. ಇವರು ಹಾಳೆ ತಿರುವಿ ತಿರುವಿ ನೋಡಿ, “ಇದರಾಗ ಏನೂ ಬರದಿಲ್ಲಲ್ರೀ” ಎಂದರಂತೆ. ಬೆಳಗಾವಿಯಿಂದ ಬಂದು ಯಾರಿಗೂ ಕಾರಣ ಹೇಳದೆ ನೇಗಿಲು ಹಿಡಿದರು. ಈ ದೋಷ ಗಂಡುಮಕ್ಕಳಿಗೆ ತಾಯಿಯ ಕಡೆಯಿಂದ ಬರುವಂಥದು ಎಂದು ಮುಂದೆ ಓದಿ ತಿಳಿದುಕೊಂಡೆ. ಮನೆಯಲ್ಲಿ ಶಾಂತಿ ಇರಲೆಂದು ಅದನ್ನು ನಮ್ಮ ಅತ್ತೆಗೆ ಹೇಳಿಲ್ಲ.

ನನ್ನ ತಮ್ಮನ ಮಗ ಡಿಪ್ಲೊಮಾ ಓದುವವನು. ಗಣೇಶ ಚೌತಿಗೆ ಬಂದಾಗ ಅವನ ಲ್ಯಾಪ್‌ಟಾಪಿನಲ್ಲಿ ಒಂದು ವಿಮಾನದ ಆಟ ತೆರೆದು ಮಾಮಾನ ಮುಂದೆ ಇಟ್ಟ. ಇವರು ಮೊದಲು ‘ಬ್ಯಾಡ’ ಅಂದರು. ಆಮೇಲೆ ಒಂದು ಕೈ ಚಾಚಿದರು. ಅರ್ಧ ತಾಸಿನಲ್ಲಿ ಹನ್ನೊಂದು ಸಲ ವಿಮಾನ ಬೀಳಿಸಿದರು. ಹನ್ನೆರಡನೆಯ ಸಲ ಅದು ನೆಲ ಬಿಟ್ಟಾಗ ಹೊರಸಿನ ಮೇಲೆ ಎದ್ದು ಕೂತಿದ್ದರು. ಯಾರೂ ಹಿಡಿದು ಎಬ್ಬಿಸಿರಲಿಲ್ಲ. ಹುಡುಗ ಮರುದಿನ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಹೋದ. ಇವರು ಮತ್ತೆ ಅಂಗಾತ. ಭಿಶಿ ಚೀಟಿಯಲ್ಲಿ ನನ್ನ ಹೆಸರು ಎದ್ದದ್ದು ಅದೇ ತಿಂಗಳ ಕೊನೆಗೆ.

ಮಿರಜಿನಿಂದ ಬರಿಗೈಯಲ್ಲಿ ಬಂದ ರಾತ್ರಿ ನನ್ನ ಒಬ್ಬ ಹಳೆಯ ವಿದ್ಯಾರ್ಥಿಗೆ ಫೋನ್ ಮಾಡಿದೆ. ಪುಣೆಯಲ್ಲಿ ಕಂಪನಿಗಳ ಕಂಪ್ಯೂಟರ್ ರಿಪೇರಿ ಮಾಡುವ ಕೆಲಸ ಅವನದು. ಏಳನೇ ಇಯತ್ತೆಯಲ್ಲಿ ಇತಿಹಾಸದಲ್ಲಿ ನಪಾಸಾಗಿದ್ದ. ಬೆಲೆ ಎಷ್ಟು, ಯಾವ ಕಂಪನಿ ಎಂದು ಅವನು ಕೇಳಲಿಲ್ಲ. “ಅಕ್ಕೋರ, ಕಾಕಾರಿಗೆ ಅದರಾಗ ಏನ್ ನೋಡಬೇಕಾಗೇತಿ?” ಎಂದು ಕೇಳಿದ. ಅಂಗಡಿಯವರು ಕೇಳದ ಪ್ರಶ್ನೆ. ನನಗೆ ಉತ್ತರ ಹೊಳೆಯಲಿಲ್ಲ. ಅಲ್ಲೇ ಹೊರಸಿನ ಮೇಲಿಂದ ಉತ್ತರ ಬಂತು: “ನಮ್ಮೂರು ಕಾಣತೈತೇನು ಕೇಳು.”

ಆಗ ಅವನು ಬಿಡಿಸಿ ಹೇಳಿದ. ವಿಮಾನದ ಆಟಗಳಲ್ಲಿ ಮೇಲುಜಾತಿ ಕೆಳಜಾತಿ ಎಂಬುದಿಲ್ಲ, ಹಸಿವಿನ ಭೇದ ಮಾತ್ರ. ಫ್ಲೈಟ್‌ಗಿಯರ್ ಎಂಬುದೊಂದಿದೆ, ಲೋಕದ ಹವ್ಯಾಸಿಗಳು 1990ರ ದಶಕದಿಂದ ಕೂಡಿ ಕಟ್ಟುತ್ತ ಬಂದದ್ದು, ಪೂರಾ ಪುಕ್ಕಟೆ. ಹಳೆಯ ಮಷೀನಿನ ಮೇಲೂ ಓಡುತ್ತದೆ. ಆದರೆ ಅದರಲ್ಲಿ ನೆಲ ಅಂದರೆ ಹಸಿರು ಜಮಖಾನೆ, ನದಿ ಅಂದರೆ ನೀಲಿ ಪಟ್ಟಿ. ಮೈಕ್ರೋಸಾಫ್ಟಿನವರು 1982ರಿಂದ ಇಂಥ ಆಟ ಮಾರುತ್ತ ಬಂದಿದ್ದಾರೆ. ಅವರು 2020ರಲ್ಲಿ ತಂದದ್ದರಲ್ಲಿ ಉಪಗ್ರಹದ ಫೋಟೋಗಳನ್ನೇ ನೆಲಕ್ಕೆ ಹಾಸಿದ್ದಾರೆ. ಹಾರುತ್ತ ಹೋದಂತೆ ಕೆಳಗಿನ ನೆಲ ಇಂಟರ್‌ನೆಟ್ಟಿನಿಂದ ಬಂದು ಬಿಚ್ಚಿಕೊಳ್ಳುತ್ತದೆ. ಅದರಲ್ಲಿ ಊರು ಕಂಡೀತು. ಆದರೆ ಅದಕ್ಕೆ ಕಡಿಮೆಯೆಂದರೆ ಎಂಟು ಜಿ.ಬಿ. ರ್‍ಯಾಮ್, ನೆಮ್ಮದಿಗೆ ಹದಿನಾರು. ಇಡಲು ನೂರೈವತ್ತು ಜಿ.ಬಿ. ಜಾಗ, ಇಂಟರ್‌ನೆಟ್ ಕನಿಷ್ಠ ಐದು ಎಂಬಿಪಿಎಸ್, ಚೆನ್ನಾಗಿ ಓಡಲು ಇಪ್ಪತ್ತು. “ಹಸಿರ ಜಮಖಾನಿ ಸಾಕಂದ್ರ ಹದಿನೈದು ಸಾವಿರದಾಗ ಮುಗಸೋಣು. ಊರು ಬೇಕಂದ್ರ ಲೆಕ್ಕ ಬ್ಯಾರೆ.”

ಊರು ಬೇಕು, ಲೆಕ್ಕ ಹೇಳು ಎಂದೆ.

ನನಗೆ ತಿಳಿಯಲೆಂದು ಅವನು ಮದುವೆಯ ಅಡುಗೆಮನೆಯ ಹೋಲಿಕೆ ಕೊಟ್ಟ. ಪ್ರೊಸೆಸರ್ ಅಂದರೆ ಹೆಡ್ ಆಚಾರಿ. ಯಾವ ಒಲೆಗೆ ಏನು ಏರಬೇಕೆಂದು ತೀರ್ಮಾನಿಸುವವನು. ಗ್ರಾಫಿಕ್ಸ್ ಕಾರ್ಡ್ ಅಂದರೆ ಸಾಲಾಗಿ ಕೂತು ರೊಟ್ಟಿ ಬಡಿಯುವ ನೂರು ಹೆಂಗಸರು. ಒಬ್ಬೊಬ್ಬರದೂ ಸಣ್ಣ ಕೆಲಸ, ಆದರೆ ಎಲ್ಲರೂ ಒಮ್ಮೆಗೇ. ರ್‍ಯಾಮ್ ಅಂದರೆ ಅಡುಗೆ ಕಟ್ಟೆಯ ಅಗಲ. ಎಸ್‌ಎಸ್‌ಡಿ ಅಂದರೆ ಉಗ್ರಾಣ. ಬಂದೂಕಿನ ಆಟಗಳಿಗೆ ರೊಟ್ಟಿಯ ಹೆಂಗಸರು ಬಹಳ ಬೇಕು; ವಿಮಾನದ ಆಟಕ್ಕೆ ಆಚಾರಿಯ ತಲೆಯೂ ಅಷ್ಟೇ ಚುರುಕಿರಬೇಕು. ಗಾಳಿ, ಎತ್ತರ, ರೆಕ್ಕೆಯ ಭಾರ ಎಲ್ಲದರ ಲೆಕ್ಕ ಅವನದೇ. ಆದ್ದರಿಂದ ದೊಡ್ಡ ಕಾರ್ಡಿಗೇ ಎಲ್ಲ ದುಡ್ಡು ಸುರಿದು ಬಡ ಪ್ರೊಸೆಸರ್ ಕೊಳ್ಳುವುದು ನೂರು ಹೆಂಗಸರನ್ನು ಕರೆಸಿ ಹಿಟ್ಟು ಕಲಸುವವನನ್ನೇ ಕರೆಯದ ಹಾಗೆ. ಇನ್ನೊಂದು ಮಾತು ಹೇಳಿದ, ಅದು ನನಗೆ ಬಹಳ ಸಮಾಧಾನ ಕೊಟ್ಟಿತು. ಬಂದೂಕಿನ ಆಟದಲ್ಲಿ ಸೆಕೆಂಡಿಗೆ ಅರವತ್ತು ಚಿತ್ರ ಬಂದರೂ ಹುಡುಗರು ಸಾಲದೆನ್ನುತ್ತಾರೆ; ವಿಮಾನ ನಿಧಾನದ ಆಟ, ಮೂವತ್ತು ಬಂದರೆ ನಡೆಯುತ್ತದೆ. ನಿಧಾನಕ್ಕೆ ಬೆಲೆ ಕಡಿಮೆ ಇರುವ ಇಂಥ ಜಾಗ ಲೋಕದಲ್ಲಿ ಇನ್ನೂ ಉಳಿದಿದೆಯಲ್ಲ!

ಅವನ ಸಲಹೆ ಹೀಗಿತ್ತು. ದೀಪದ ಲ್ಯಾಪ್‌ಟಾಪ್ ಬೇಡ. ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಮಾರಿಬಿಡುವ ಟೇಬಲ್ಲಿನ ಕಂಪ್ಯೂಟರುಗಳು ಒರೆಸಿ ರಿಪೇರಿಯಾಗಿ ಪೇಟೆಗೆ ಬರುತ್ತವೆ. ಐ-ಫೈವ್, ಎಂಟನೆಯ ಪೀಳಿಗೆಯದಕ್ಕಿಂತ ಹಳೆಯದು ಬೇಡ. ಅದಕ್ಕಿಂತ ಹಿಂದಿನವುಗಳನ್ನು ವಿಂಡೋಸ್ ಹನ್ನೊಂದು ಒಪ್ಪುವುದಿಲ್ಲ, ಹತ್ತಕ್ಕೆ 2025ರ ಅಕ್ಟೋಬರ್ ಕೊನೆ. (ಅವನು ಹೇಳಿದಂತೆ ಆ ತಿಂಗಳಲ್ಲೇ ಅದು ಮುಗಿಯಿತು, ನಮ್ಮ ಶಾಲೆಯ ಕಂಪ್ಯೂಟರುಗಳ ಗತಿ ಬೇರೆ ಕಥೆ.) ಅಂಥದಕ್ಕೆ ಒಂದು ಕಾರ್ಡ್ ಹಾಕಿಸಬೇಕು. ತೊಡಕು ಬಂದದ್ದು ಅಲ್ಲಿ. ಈ ಕಂಪನಿ ಡಬ್ಬಿಗಳಿಗೆ ಒಳಗಿನ ಕರೆಂಟಿನ ಪೆಟ್ಟಿಗೆ ಸಣ್ಣದು, ಇನ್ನೂರು ಇನ್ನೂರೈವತ್ತು ವ್ಯಾಟಿನದು. ಬೇರೆ ಆಕಾರದ್ದಾದ್ದರಿಂದ ಬದಲಿಸುವುದೂ ಕಷ್ಟ. ದೊಡ್ಡ ಕಾರ್ಡ್ ಹಾಕಿದರೆ ನಡೆಯುವುದಿಲ್ಲ.

ಇದನ್ನು ನಾನು ಫೋನಿನಲ್ಲಿ ಕೇಳಿಕೊಂಡು, ತಿಳಿಯದೆ, ಗಟ್ಟಿಯಾಗಿ ಮತ್ತೊಮ್ಮೆ ಹೇಳಿದೆ. ಹೊರಸಿನಿಂದ, “ಅದರಾಗ ತಿಳಿಯೂದೇನೈತಿ? ಟಿ.ಸಿ. ಸಣ್ಣದೈತಿ. ಹತ್ತ ಎಚ್‌ಪಿ ಮೋಟಾರ್ ಹಚ್ಚಿದ್ರ ಎಳಿಯೂದಿಲ್ಲ, ಸುಡತೈತಿ” ಎಂದರು. ಫೋನನ್ನು ಅವರ ಕೈಗೆ ಕೊಟ್ಟೆ. ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟಾಗಲೆಲ್ಲ ಕಂಬದ ಕೆಳಗೆ ನಿಂತು ಜಗಳಾಡಿದ ಮನುಷ್ಯ. ಎಷ್ಟು ಎಳೆಯುತ್ತದೆ, ಎಲ್ಲಿಂದ ಎಳೆಯುತ್ತದೆ, ಬೇರೆ ವಾಯರ್ ಬೇಕೋ ಬೇಡವೋ ಎಂದು ಮುಕ್ಕಾಲು ತಾಸು ಮಾತಾಡಿದರು. ನಾನು ಒಳಗೆ ಹೋಗಿ ಒಗ್ಗರಣೆ ಹಾಕುತ್ತ ಆ ಸದ್ದು ಕೇಳುತ್ತಿದ್ದೆ. ಮುಕ್ಕಾಲು ತಾಸು! ತಾಯಿನೆಲದಿಂದಲೇ, ಅಂದರೆ ಕಾರ್ಡ್ ಸಿಕ್ಕಿಸುವ ಸೀಳಿನಿಂದಲೇ, ಎಪ್ಪತ್ತೈದು ವ್ಯಾಟ್ ಕುಡಿದು ನಡೆಯುವ ಕಾರ್ಡುಗಳಿವೆ, ಬೇರೆ ವಾಯರ್ ಬೇಡ ಎಂದು ಇಬ್ಬರೂ ಇತ್ಯರ್ಥ ಮಾಡಿದರು. ಜಿಟಿಎಕ್ಸ್ 1650 ಎಂಬುದರಲ್ಲಿ ಅಂಥ ಮಾದರಿ ಸಿಗುತ್ತಿತ್ತು. ನಾಲ್ಕು ಜಿ.ಬಿ. ಅದರದೇ ನೆನಪು.

ಮನೆಯ ಲೆಕ್ಕದ ವಹಿಯಲ್ಲಿ, ಶೇಂಗಾ ಎಣ್ಣೆ ಮತ್ತು ಚಹಾಪುಡಿಯ ಕೆಳಗೆ, ನನ್ನ ಅಕ್ಷರದಲ್ಲಿ ಈಗಲೂ ಇದೆ. ಹಳೆಯ ಕಂಪ್ಯೂಟರ್ 15,500. ಕಾರ್ಡ್, ಬಳಸಿದ್ದು, 8,500. ಹೆಚ್ಚಿನ ರ್‍ಯಾಮ್ 1,600. ಎಸ್‌ಎಸ್‌ಡಿ 2,600. ಹಳೆಯ ಪರದೆ 3,500. ಕೈಯಲ್ಲಿ ಹಿಡಿಯುವ ಕೋಲು, ಅಂದರೆ ಜಾಯ್‌ಸ್ಟಿಕ್, 3,800. ಯುಪಿಎಸ್ 2,900. ಒಟ್ಟು 38,400. ಉಳಿದ ಹದಿನಾರು ನೂರರಲ್ಲಿ ನನಗೊಂದು ಸೀರೆ. ಕೋಲಿಗೆ ಅಷ್ಟು ಯಾಕೆ, ಕೀಲಿಮಣೆಯಲ್ಲೇ ಆಗದೇ ಎಂದು ವಾದಿಸಿದ್ದೆ. ಕೀಲಿ ಒತ್ತಿ ವಿಮಾನ ಹಾರಿಸುವುದು ಎತ್ತಿಗೆ ಹಗ್ಗವಿಲ್ಲದೆ ಬರೀ ಕೂಗಿ ಗಾಡಿ ಹೊಡೆದ ಹಾಗೆ ಎಂದು ಇವರು ಹೇಳಿದ ಮೇಲೆ ಸುಮ್ಮನಾದೆ. ಹಾಗೆ ನೋಡಿದರೆ ಎಲ್ಲದರಲ್ಲಿ ಸರಿಯಾದ ಖರೀದಿ ಅದೊಂದೇ. ಮೊದಲು ತಂದ ಕಾರ್ಡ್ ಡಬ್ಬಿಯಲ್ಲಿ ಹಿಡಿಸಲೇ ಇಲ್ಲ. ಡಬ್ಬಿ ತೆಳ್ಳಗಿನದು, ಕಾರ್ಡ್ ಎತ್ತರದ್ದು. ಅಳತೆ ನೋಡದೆ ಕುಪ್ಪಸದ ಖಣ ತಂದ ಹಾಗಾಯಿತು. ಮತ್ತೆ ಮಿರಜಿಗೆ ಹೋಗಿ ಗಿಡ್ಡದನ್ನು ಬದಲಿಸಿಕೊಂಡು ಬರಲು ಬಸ್ಸಿನ ದುಡ್ಡೂ ಒಂದು ರಜೆಯೂ ಹೋದವು.

“ಅರವತ್ತಕ್ಕ ಅರಳು ಮರಳು ಅಂತಿದ್ರು, ಕಣ್ಣಿಂದ ನೋಡಿಧಂಗಾತು” ಎಂದು ಅತ್ತೆ ಗೋಡೆಗೆ ಹೇಳುವಂತೆ ನನಗೆ ಹೇಳಿದರು. ಅವರಿಗೆ ನಾನು ಹಾರ್ಮೋನಿಯಂ ಕಥೆ ಹೇಳಿದೆ. ಅಮೆರಿಕದಲ್ಲಿ ಎಡ್ವಿನ್ ಲಿಂಕ್ ಎಂಬವನ ತಂದೆಯದು ಪಿಯಾನೋ, ಆರ್ಗನ್ ಮಾಡುವ ಕಾರ್ಖಾನೆ. ಮಗನಿಗೆ ವಿಮಾನ ಕಲಿಯುವ ಹುಚ್ಚು, ಕಲಿಕೆ ಬಲು ತುಟ್ಟಿ. 1929ರ ಹೊತ್ತಿಗೆ ಅವನು ಆರ್ಗನ್ನಿನ ಭಾತೆಗಳನ್ನೇ ಜೋಡಿಸಿ, ಗಾಳಿ ತುಂಬಿ ಬಿಟ್ಟು ಓಲಾಡುವ ಪುಟ್ಟ ಮರದ ವಿಮಾನ ಮಾಡಿದ. ನೆಲ ಬಿಡದ ವಿಮಾನ. ಜನ ಅದನ್ನು ಜಾತ್ರೆಯ ಆಟವೆಂದೇ ತಿಳಿದರು, ಮೋಜಿನ ತೋಟಗಳು ಕೊಂಡವು. 1934ರಲ್ಲಿ ಅಲ್ಲಿಯ ಸೈನ್ಯ ಅಂಚೆ ಒಯ್ಯಲು ಹೋಗಿ, ಮಂಜಿನಲ್ಲಿ ಕುರುಡಾಗಿ ಹಾರಿ, ಕೆಲವೇ ವಾರಗಳಲ್ಲಿ ಹಲವು ಪೈಲಟರನ್ನು ಕಳೆದುಕೊಂಡಿತು. ಆಮೇಲೆ ಓಡಿ ಬಂದು ಆ ಆಟದ ಸಾಮಾನನ್ನು ಆರು ಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಲಕ್ಷಾಂತರ ಜನ ಅದರಲ್ಲಿ ಕೂತೇ ಕಲಿತರು. ಭಜನೆಯ ಹಾರ್ಮೋನಿಯಂ ಭಾತೆ ಒತ್ತಿ ಒತ್ತಿ ಕೈ ಸವೆದ ಮಾವನವರ ಹೆಂಡತಿ ನಮ್ಮ ಅತ್ತೆ. ಅಟ್ಟದ ಮೇಲಿನ ಪೆಟ್ಟಿಗೆಯ ಕಡೆ ಒಮ್ಮೆ ನೋಡಿ, “ಅದನ್ನ ಮಾತ್ರ ಬಿಚ್ಚಬ್ಯಾಡ್ರಿ” ಎಂದರು.

ಮೊದಲ ಎರಡು ತಿಂಗಳು ಪುಕ್ಕಟೆಯ ಫ್ಲೈಟ್‌ಗಿಯರಿನಲ್ಲಿ ಕಳೆದವು. ಸೆಸ್ನಾ 172 ಎಂಬ ನಾಲ್ಕು ಸೀಟಿನ ಸಣ್ಣ ವಿಮಾನ. 1955ರಲ್ಲಿ ಮೊದಲು ಹಾರಿದ್ದು, ನಲವತ್ತನಾಲ್ಕು ಸಾವಿರಕ್ಕೂ ಮೇಲೆ ತಯಾರಾಗಿದೆಯಂತೆ. ವಿಮಾನಗಳಲ್ಲಿ ಅದು ನಮ್ಮ ಲೂನಾ ಇದ್ದ ಹಾಗೆ. ಇವರು ಗೋಡೆಗೆ ಒರಗಿ ಕೂಡಲು ಕಲಿತರು. ಗೋಡೆ ಬಿಟ್ಟು ಕುರ್ಚಿಗೆ ಬಂದರು. ಡಾಕ್ಟರು ಹೇಳಿದ ವ್ಯಾಯಾಮವನ್ನು ನಾನು ಕೈ ಮುಗಿದರೂ ಮಾಡದವರು, ರಡ್ಡರಿಗೆ ಕಾಲು ಬೇಕೆಂದು ಮುರಿದ ಕಾಲನ್ನು ಮೇಜಿನ ಕೆಳಗೆ ಸುಮ್ಮನೆ ಒತ್ತುತ್ತಿದ್ದರು. ಅಲ್ಲಿ ಪೆಡಲ್ ಏನೂ ಇರಲಿಲ್ಲ.

ಮರುವರ್ಷ ಸಂಕ್ರಾಂತಿಯ ಹೊತ್ತಿಗೆ ದೊಡ್ಡ ಆಟ ರಿಯಾಯಿತಿಯಲ್ಲಿ ಸಿಕ್ಕಿತು. ಅದು ಇಳಿದು ಬರಲು ಎರಡು ರಾತ್ರಿ ಹಿಡಿಯಿತು. ಮೂರನೆಯ ಸಂಜೆ ಕೊಲ್ಹಾಪುರದ ಉಜಳಾಯಿವಾಡಿಯಿಂದ ಎದ್ದರು. ನಕಾಶೆ ಬೇಡವೆಂದರು. ಎಡಕ್ಕೆ ಪಂಚಗಂಗಾ ಸಿಕ್ಕಿತು. ಅದನ್ನು ಹಿಡಿದು ಇಚಲಕರಂಜಿ ದಾಟಿದರೆ ನರಸೋಬಾವಾಡಿಯಲ್ಲಿ ಕೃಷ್ಣೆ. ಅಲ್ಲಿಂದ ಕೃಷ್ಣೆಯ ಬೆನ್ನು ಹತ್ತಿದರು. ಖಿದ್ರಾಪುರ, ಆಚೆ ದಂಡೆಗೆ ಜೂಗೂಳ. “ಈಗ ಬಲಕ್ಕಲ್ಲ, ಎಡಕ್ಕರೀ, ಎಡಕ್ಕ” ಎಂದು ನಾನು ಎದ್ದು ನಿಂತಿದ್ದೆ. ಮನೆಗಳೆಲ್ಲ ಯಾವುದೋ ದೇಶದ ಅಚ್ಚಿನ ಹೆಂಚಿನ ಮನೆಗಳು, ನಮ್ಮವಲ್ಲ. ಆದರೆ ಹೊಲಗಳು ನಮ್ಮವು. 2019ರ ಆಗಸ್ಟಿನಲ್ಲಿ ಕೃಷ್ಣೆ ನುಗ್ಗಿ ವಾರಗಟ್ಟಲೆ ಕಬ್ಬು ಕೊಳೆತ ಹೊಲ, ಬದುವು, ಆ ಓರೆ ತುದಿ ಸಮೇತ ಕೆಳಗೆ ಬಿದ್ದುಕೊಂಡಿತ್ತು. ಇವರು ಅದರ ಮೇಲೆ ಒಂದು ಸುತ್ತು ಹಾಕಿದರು. ಇನ್ನೊಂದು ಸುತ್ತು ಹಾಕಿದರು. “ನೀರ ಬಿಟ್ಟಾನೋ ಇಲ್ಲೋ ಇದರಾಗ ತಿಳಿಯೂದಿಲ್ಲ” ಎಂದರು. ಮರುದಿನ ಕೋಲೂರಿಕೊಂಡು, ಪಾಲಿನವನು ನೀರು ಬಿಟ್ಟಿದ್ದಾನೋ ಇಲ್ಲವೋ ನೋಡಲು ಹೊಲಕ್ಕೆ ಹೋದರು. ಬಿಟ್ಟಿರಲಿಲ್ಲ. ದೊಡ್ಡ ಜಗಳವಾಯಿತು. ಆ ಜಗಳದ ಸುದ್ದಿ ಶಾಲೆಯಲ್ಲಿ ಕೇಳಿ ನಾನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಚಹಾ ತರಿಸಿದೆ.

ಎಲ್ಲ ಕಡೆ ಹಾರುತ್ತಿದ್ದವರು ಬೆಳಗಾವಿಯ ಸಾಂಬ್ರಾಕ್ಕೆ ಮಾತ್ರ ಹೋಗುತ್ತಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಿಂದ ಇರುವ ನೆಲೆ, ವಾಯುಸೇನೆಯ ತರಬೇತಿ ಶಾಲೆ ಇರುವ ಜಾಗ. ನಾನೂ ಹೆಸರೆತ್ತಲಿಲ್ಲ. ಒಂದು ಸಂಜೆ ನಾನು ಪಕ್ಕದಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಪರದೆಯ ಮೇಲೆ ಸಾಂಬ್ರಾ ಎಂದು ಕಂಡಿತು. ಮುಸ್ಸಂಜೆಯ ಹೊತ್ತನ್ನೇ ಆರಿಸಿಕೊಂಡಿದ್ದರು. ಎರಡು ಸಲ ರನ್‌ವೇ ಮುಟ್ಟುವ ಮೊದಲೇ ನೆಲಕ್ಕೆ ಬಡಿದರು. ಮೂರನೆಯ ಸಲ ಬಹಳ ಮೇಲೆ ಉಳಿದು, ದಾಟಿ ಹೋದರು. ಕೊಲ್ಹಾಪುರದಲ್ಲಿ ಹಗಲು ಹೊತ್ತು ಹೀಗಾಗುತ್ತಿರಲಿಲ್ಲ.

ಇಳಿಯುವಾಗ ರನ್‌ವೇಯ ಎಡಬದಿಗೆ ನಾಲ್ಕು ದೀಪ ಸಾಲಾಗಿ ಕಾಣುತ್ತವೆ. ನಾಲ್ಕೂ ಬಿಳಿಯಾದರೆ ವಿಮಾನ ತೀರ ಎತ್ತರ, ನಾಲ್ಕೂ ಕೆಂಪಾದರೆ ತೀರ ತಗ್ಗು. ಎರಡು ಬಿಳಿ ಎರಡು ಕೆಂಪು ಇದ್ದರೆ ಇಳಿಜಾರು ಸರಿ. ತಮ್ಮನ ಮಗ ಇದನ್ನು ನನಗೆ ಹೇಳಿದ್ದ, ಇವರಿಗೂ ಗೊತ್ತು. ಇವರು ಪರದೆಗೆ ಮೂಗು ತಾಗುವಷ್ಟು ಬಗ್ಗಿ ಅದನ್ನೇ ನೋಡುತ್ತಿದ್ದರು. ಆ ದೂರದ ನಾಲ್ಕು ಚುಕ್ಕೆಗಳು ಆ ಕಣ್ಣಿಗೆ ನಾಲ್ಕೂ ಒಂದೇ.

ನಾಲ್ಕನೆಯ ಸಲ ನಾನು ಪತ್ರಿಕೆಯಿಂದ ತಲೆ ಎತ್ತದ ಹಾಗೆ ಮಾಡಿ, “ಮೂರು ಕೆಂಪು ಅದಾವ ನೋಡ್ರಿ” ಎಂದೆ.

ಅವರು ನನ್ನ ಕಡೆ ತಿರುಗಲಿಲ್ಲ. ಬಹಳ ಹೊತ್ತು ಅಂತ ನನಗೆ ಅನಿಸಿತು, ಎರಡು ಸೆಕೆಂಡ್ ಇದ್ದಿರಬಹುದು. ಮೂಗನ್ನು ತುಸು ಮೇಲಕ್ಕೆ ಎತ್ತಿದರು.

“ಈಗ?”

“ಎರಡು ಕೆಂಪು, ಎರಡು ಬಿಳಿ.”

“ಈಗ?”

“ಹಂಗಾ ಅದಾವ. ಬರ್ರಿ.”

ಒಳಗೆ ಕುಕ್ಕರ್ ಎಷ್ಟು ಸೀಟಿ ಹಾಕಿತೋ ಎಣಿಸಿದವರಿಲ್ಲ. ನಾವು ಸಾಂಬ್ರಾದಲ್ಲಿ ಇಳಿದು ನಿಲ್ಲುವ ಹೊತ್ತಿಗೆ ಅತ್ತೆ ಹೋಗಿ ಗ್ಯಾಸ್ ಆರಿಸಿದ್ದರು. ಅವತ್ತು ಬ್ಯಾಳಿ ತಳ ಹಿಡಿದಿತ್ತು. 2024ರ ನವೆಂಬರಿನಲ್ಲಿ ಹೊಸ ಆಟ ಬಂತು, ಅದಕ್ಕೆ ಮೂವತ್ತೆರಡು ಜಿ.ಬಿ. ಇದ್ದರೆ ಚಲೋ ಎಂದು ಇವರು ಮೊನ್ನೆ ಮತ್ತೆ ಮಾತು ತೆಗೆದಿದ್ದರು. ಇನ್ನೊಂದು ಭಿಶಿ ಏಳಲಿ ನೋಡೋಣ ಎಂದಿದ್ದೇನೆ. ದೀಪದ ಬಣ್ಣ ಹೇಳುವ ಕೆಲಸ ನನ್ನದೇ ಉಳಿದಿದೆ. ಸಂಜೆ ಏಳರ ಮೇಲೆ ನನಗೆ ಬೇರೆ ಯಾವ ಕೆಲಸವನ್ನೂ ಯಾರೂ ಹೇಳುವ ಹಾಗಿಲ್ಲ.